ಎರಡೂ ಪದರಕ್ಕೆ ಚುಚ್ಚಿದ ಪಿನ್ನು

ಹೆಸರು ಲಾಕ್ಲನ್ ಮೆಕ್‌ಫೇಲ್, ತಂದೆ ದಿವಂಗತ ನೀಲ್ ಮೆಕ್‌ಫೇಲ್, ವಯಸ್ಸು 54 ವರ್ಷ, ಸಾಲ್ಮನ್ ಮೀನಿಗೆ ಹೊಗೆ ಹಾಕುವ ಕಾರ್ಖಾನೆಯಲ್ಲಿ ಒಲೆ ನೋಡಿಕೊಳ್ಳುವ ಕೆಲಸ, ವಾಸ 9, ಹಾರ್ಬರ್ ಬೀದಿ, ಪೋರ್ಟ್ ಆರ್ಡಿಶ್, ಸ್ಕಾಟ್ಲೆಂಡ್. ದಿನಾಂಕ 18-12-2023ರ ಸೋಮವಾರ ಸಂಜೆ 5 ಗಂಟೆ 10 ನಿಮಿಷಕ್ಕೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ನಾನು ಈ ಕಾರ್ಖಾನೆಯಲ್ಲಿ 21 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಮಗಳು ಎಲ್ಸ್‌ಪೆತ್, ವಯಸ್ಸು 23, ಅಲ್ಲೇ ಪ್ಯಾಕಿಂಗ್ ವಿಭಾಗದಲ್ಲಿದ್ದಾಳೆ. ಪ್ರತಿ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಲೆಕ್ಕದಲ್ಲಿ ನಾವೆಲ್ಲ ಒಂದು ಸಂಜೆ ಊರಿನ ಸಭಾಭವನದಲ್ಲಿ ಸೇರಿ ಉಂಡು ಕುಣಿಯುತ್ತೇವೆ. ಗಂಡಸರು ಮೊಣಕಾಲುದ್ದದ, ನೆರಿಗೆಯ ಕಿಲ್ಟ್ ಉಟ್ಟು ಬರುತ್ತಾರೆ. 13ನೇ ತಾರೀಖು ಬುಧವಾರ ಮಧ್ಯಾಹ್ನ ಸುಮಾರು 12.30ಕ್ಕೆ ಕ್ಯಾಂಟೀನಿನಲ್ಲಿ ನಮ್ಮ ಮೇಲ್ವಿಚಾರಕಿ ಶೋನಾ ಪ್ರಿಂಗಲ್ ಎಲ್ಲರೆದುರು ಈ ವರ್ಷ ಲಾಕ್ಲನ್‌ನ ಸರದಿ ಎಂದಳು. ಯಾವುದರ ಸರದಿ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನನ್ನ ಬಟ್ಟೆಗೆ ಕೈ ಹಾಕಬಾರದೆಂದು ಅಲ್ಲೇ ಹೇಳಿದೆ. ವಯಸ್ಸಾಗುತ್ತಾ ನನಗೆ ತಮಾಷೆ ಅರ್ಥವಾಗುತ್ತಿಲ್ಲ ಎಂದಳು.

15ನೇ ತಾರೀಖು ಶುಕ್ರವಾರ ಸಂಜೆ 6.15ಕ್ಕೆ ಮನೆಯಲ್ಲಿ ಕಿಲ್ಟ್ ಉಟ್ಟೆ. ಅದನ್ನು 1981ರಲ್ಲಿ ನನ್ನ ಸೋದರತ್ತೆ ನನ್ನ ತಂದೆಗಾಗಿ ಕೈಯಲ್ಲಿ ಹೊಲಿದಿದ್ದಳು. ಏಳು ಮೀಟರಿಗಿಂತ ಹೆಚ್ಚು ಉಣ್ಣೆ ಬಟ್ಟೆ. ಕಿಲ್ಟಿನ ಮುಂಭಾಗದಲ್ಲಿ ಒಂದರ ಮೇಲೊಂದು ಬರುವ ಎರಡು ಪದರಗಳಲ್ಲಿ ಮೇಲಿನದಕ್ಕೆ ಮಾತ್ರ ಪಿನ್ನು ಹಾಕಬೇಕು. ಎರಡಕ್ಕೂ ಚುಚ್ಚಿದರೆ ಎಲ್ಲಾದರೂ ಸಿಕ್ಕಿಕೊಂಡಾಗ ಬಟ್ಟೆ ಹರಿಯುತ್ತದೆ. ಇದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಶೋನಾಳ ಮಾತು ಮನಸ್ಸಿನಲ್ಲಿದ್ದುದರಿಂದ ಯಾರೂ ಎತ್ತಲಾಗದಿರಲೆಂದು ನಾನು ತಿಳಿದೂ ತಿಳಿದೂ ಎರಡಕ್ಕೂ ಚುಚ್ಚಿದೆ. ಒಳಗೆ ಚಡ್ಡಿ ಹಾಕಿರಲಿಲ್ಲ. ನನ್ನ ತಂದೆಯೂ ಹಾಕುತ್ತಿರಲಿಲ್ಲ. ಅದು ನನ್ನ ಸ್ವಂತ ವಿಷಯ.

ಮನೆಯಿಂದ ಸಭಾಭವನ 400 ಮೀಟರ್. ಮಗಳ ಜೊತೆ ನಡೆದು ಹೋದೆ. ಊಟದ ಜೊತೆ ಎರಡು ಗ್ಲಾಸು ಬಿಯರ್ ಕುಡಿದೆ. ನೀವು ಕೇಳಿದ್ದರಿಂದ ಹೇಳುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಆರಕ್ಕೆ ಪಾಳಿ ಇದ್ದುದರಿಂದ 9.35ಕ್ಕೇ ಕೊನೆಯ ಹಾಡು ಶುರುವಾಯಿತು. ಪದ್ಧತಿಯಂತೆ ಎಲ್ಲರೂ ವೃತ್ತವಾಗಿ ನಿಂತು, ತೋಳುಗಳನ್ನು ಎದೆಯ ಮುಂದೆ ಅಡ್ಡಹಾಕಿ, ಅಕ್ಕಪಕ್ಕದವರ ಕೈ ಹಿಡಿದುಕೊಂಡೆವು. ನನ್ನ ಬಲಕ್ಕೆ ಮ್ಯಾನೇಜರ್ ಗಿಲ್‌ಕ್ರೈಸ್ಟ್ ಇದ್ದರು. ಮಗಳು ಎದುರಿಗೆ, ಸುಮಾರು 8 ಮೀಟರ್ ದೂರದಲ್ಲಿದ್ದಳು. ಶೋನಾ ವೃತ್ತದಲ್ಲಿ ಇರಲಿಲ್ಲ. ಜನರ ಕೈಗಳ ಕೆಳಗೆ ಬಗ್ಗಿ ಒಳಗೆ ನುಗ್ಗಿ ನೇರವಾಗಿ ನನ್ನ ಮುಂದೆ ಬಂದಳು. ನಾನು ಬೇಡ ಎಂದೆ. ಮತ್ತೊಮ್ಮೆ ಬೇಡ ಎಂದೆ. ಕೈ ಬಿಡಿಸಿಕೊಳ್ಳಲು ಎಳೆದೆ. ಗಿಲ್‌ಕ್ರೈಸ್ಟ್ ನಗುತ್ತಾ ಇನ್ನೂ ಬಿಗಿಯಾಗಿ ಹಿಡಿದರು.

ಶೋನಾ ಮೇಲಿನ ಪದರವನ್ನು ಒಮ್ಮೆ ಎತ್ತಿದಳು. ಪಿನ್ನಿನಿಂದಾಗಿ ಬರಲಿಲ್ಲ. ಆಮೇಲೆ ಎರಡೂ ಕೈ ಹಾಕಿ, ಬಟ್ಟೆಯನ್ನು ನನ್ನ ಎದೆಯವರೆಗೆ ಎಳೆದೆತ್ತಿದಳು. ನಲವತ್ತಕ್ಕೂ ಹೆಚ್ಚು ಜನ ಹಾಡುತ್ತಿದ್ದರೂ ಬಟ್ಟೆ ಹರಿದ ಸದ್ದು ನನಗೆ ಕೇಳಿಸಿತು. ನಾಲ್ಕೈದು ಸೆಕೆಂಡು ನಾನು ಹಾಗೆಯೇ ನಿಂತಿದ್ದೆ. ಡೂಗಿ ಲೋರಿಮರ್ ಎಂಬ ಸಹೋದ್ಯೋಗಿ ಮೊಬೈಲಿನಲ್ಲಿ ವಿಡಿಯೋ ಮಾಡಿದ. ಶೋನಾ ಎಲ್ಲರಿಗೂ ಕೇಳುವಂತೆ, "ಏನೋ ಮಹಾ ಬಚ್ಚಿಟ್ಕೊಂಡಿದ್ದಾನೆ ಅಂದ್ಕೊಂಡೆ, ಇಷ್ಟೇನಾ" ಎಂದಳು. ಅಷ್ಟು ಜನರಲ್ಲಿ ಮುಖ ತಿರುಗಿಸಿದವಳು ನನ್ನ ಮಗಳು ಒಬ್ಬಳೇ.

ನಾನು ಯಾರ ಮೇಲೂ ಕೈ ಮಾಡಲಿಲ್ಲ. ಮಾಡಬೇಕೆನ್ನಿಸಿತ್ತು. ಹೊರಗೆ ಮಗಳು ತನ್ನ ಕೋಟು ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿದಳು.

ಶನಿವಾರ ಬೆಳಿಗ್ಗೆ ನಾನು ಪಾಳಿಗೆ ಹೋಗುವ ಮೊದಲೇ ಆ ವಿಡಿಯೋ ಎಲ್ಲರಿಗೂ ತಲುಪಿತ್ತು. ಹತ್ತು ಗಂಟೆಗೆ ಗಿಲ್‌ಕ್ರೈಸ್ಟ್ ನನ್ನನ್ನು ಕೋಣೆಗೆ ಕರೆದು, ಹಬ್ಬದ ತಮಾಷೆಯನ್ನು ದೊಡ್ಡದು ಮಾಡಬೇಡ ಎಂದರು. "ಎರಡೂ ಪದರಕ್ಕೆ ಪಿನ್ ಚುಚ್ಕೊಂಡು ಯಾರಾದ್ರೂ ಬರ್ತಾರೇನಯ್ಯಾ? ಹರಿದಿದ್ದು ನಿನ್ನ ತಪ್ಪೇ" ಎಂದರು. ಮಧ್ಯಾಹ್ನದ ಹೊತ್ತಿಗೆ ಇಡೀ ಕಾರ್ಖಾನೆಯ ಮಾತು ಅದೇ ಆಯಿತು. ಶೋನಾಳ ಕೈಯ ವಿಷಯ ಯಾರೂ ಎತ್ತಲಿಲ್ಲ, ನನ್ನ ಪಿನ್ನಿನ ವಿಷಯ ಎಲ್ಲರೂ ಆಡಿದರು. ಗಾಯದ ಮೇಲೆ ಬರೆ ಎಳೆದಂತೆ, ಇಬ್ಬರು ನನ್ನ ಒಲೆಯ ಬಳಿಗೇ ಬಂದು ಪಿನ್ನು ಹಾಕುವುದು ಹೇಗೆಂದು ತೋರಿಸಿಕೊಟ್ಟರು. ಹರಿದ ಕಿಲ್ಟ್ ಹಾಜರುಪಡಿಸಿದ್ದೇನೆ. ಮೇಲಿನ ಪದರದಲ್ಲಿ 6, ಒಳಪದರದಲ್ಲಿ 11 ಸೆಂಟಿಮೀಟರ್ ಹರಿದಿದೆ. ಆದರೆ ನಾನು ಬಟ್ಟೆಗಾಗಿ ಬಂದಿಲ್ಲ. ನನ್ನ ಮೈಮೇಲೆ ಆದದ್ದನ್ನು ಅಪರಾಧ ಎಂದೇ ಬರೆದುಕೊಳ್ಳಬೇಕು, ತಮಾಷೆ ಎಂದಲ್ಲ.

ಆದರೂ ಭಾನುವಾರದವರೆಗೆ ನಾನು ಸುಮ್ಮನಿದ್ದೆ. ಮಗಳೇ ಕೇಳಿದಳು: "ಗಿಲ್‌ಕ್ರೈಸ್ಟ್ ನನ್ನ ಕೈ ಹಿಡ್ಕೊಂಡು, ಡೂಗಿ ನನ್ನ ಲಂಗ ಎತ್ತಿದ್ದಿದ್ರೆ, ಆಗ್ಲೂ ಹೀಗೇ ಒಲೆ ಮುಂದೆ ಕೂತಿರ್ತಿದ್ಯೇನಪ್ಪಾ?" ಇಂದು ಕಿಲ್ಟನ್ನು ಚೀಲಕ್ಕೆ ಹಾಕಿಕೊಂಡು ಇಲ್ಲಿಗೆ ಬಂದೆ.

ಈ ಹೇಳಿಕೆ ಬರೆದುಕೊಳ್ಳುತ್ತಿರುವ ಅಧಿಕಾರಿ, ಒಳಗೆ ಏನಾದರೂ ಹಾಕಿದ್ದೆಯಾ ಎಂದು ಮೊದಲು ಕೇಳಿದಾಗ ನಕ್ಕರು. ಆ ನಗುವನ್ನೂ ಬರೆಯಿರಿ ಎಂದೆ. ಅದಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲ ಎಂದರು. ಇಲ್ಲಿಯೇ ಬರೆಯಿರಿ ಎಂದೆ.

ನಿಜವನ್ನೇ ಹೇಳಬೇಕೆಂದು ತಿಳಿಸಿರುವುದರಿಂದ ಇನ್ನೊಂದನ್ನು ಬರೆಸುತ್ತೇನೆ. 2021ರ ಡಿಸೆಂಬರಿನಲ್ಲಿ ಇದೇ ಸಭಾಭವನದಲ್ಲಿ, ಇದೇ ಹಾಡಿನ ವೇಳೆಗೆ, ಶೋನಾ ನಮ್ಮ ಲಾರಿ ಚಾಲಕ ಅಲೆಕ್ ರೆನಿಗೂ ಹೀಗೆಯೇ ಮಾಡಿದಳು. ಅವನಿಗೆ ಆಗ 48 ವರ್ಷ. ಅವನ ಎಡಗೈ ನನ್ನ ಕೈಯಲ್ಲಿತ್ತು. ಅವನು ಬಿಡಿಸಿಕೊಳ್ಳಲು ಎಳೆದ. ನಾನು ಬಿಡಲಿಲ್ಲ, ನಕ್ಕೆ. ಜನವರಿಯಲ್ಲಿ ಅವನು ಕೆಲಸ ಬಿಟ್ಟು ಹೋದ. ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಅವನನ್ನು ಹುಡುಕಿ ಹೇಳಿಕೆ ಪಡೆಯಬೇಕೆಂದು ಕೋರುತ್ತೇನೆ. ಅದರಲ್ಲಿ ನನ್ನ ಹೆಸರು ಬಂದರೆ ಬಿಡದೆ ಬರೆದುಕೊಳ್ಳಬೇಕು.

ಬರೆದುದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದಕ್ಕಿಂತ ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ. ಎಲ್ಲವೂ ನಿಜ.

ಸ್ಥಳ: ಪೋರ್ಟ್ ಆರ್ಡಿಶ್
ದಿನಾಂಕ: 18-12-2023, ಸಂಜೆ 6.25
ಸಹಿ: ಲಾಕ್ಲನ್ ಮೆಕ್‌ಫೇಲ್