ಕೊಂಬು ಊದಿದ್ದು ಯಾರು ಅಂತ ಕೇಳಿದ ಊರು

ಕೂತಿರೋರು ಸ್ವಲ್ಪ ಒತ್ತಿ ಕೂತ್ಕೊಳ್ಳಿ, ನಿಂತಿರೋರು ಬೀಡಿ ಆರಿಸಿ ಒಳಗೆ ಬನ್ನಿ. ನಾನು ಹೇಳ್ತಾ ಹೋಗ್ತೀನಿ, ನೀವು ಹೂಂ ಅಂತಾ ಇರಿ. ನೀವು ಹೂಂ ಅನ್ನೋದು ನಿಲ್ಲಿಸಿದರೆ ನಾನೂ ನಿಲ್ಲಿಸ್ತೀನಿ, ಆಮೇಲೆ ನನ್ನ ದೂರಬೇಡಿ.

ಒಂದಾನೊಂದು ಕಾಲ, ಒಂದಾನೊಂದು ಸೀಮೆ. ಯಾವ ಸೀಮೆ ಅಂತ ಕೇಳಬೇಡಿ. ಹೇಳಿದರೆ ಆ ಊರಿನವರಿಗೆ ಮುಖ ಎತ್ತಕ್ಕಾಗಲ್ಲ. ಆ ಸೀಮೆಯಲ್ಲಿ ಒಂದು ಗುಡ್ಡ. ಗುಡ್ಡದ ಬುಡದಲ್ಲಿ ಒಂದು ಊರು. ಗುಡ್ಡ ಅಂದ್ರೆ ಮಣ್ಣಿನ ದಿಬ್ಬ ಅಲ್ಲ, ಬರೀ ಬಂಡೆ. ಜನ ಸೀಗೆಕಾಯಿಗೆ ಹತ್ತೋರು, ಜೇನಿಗೆ ಹತ್ತೋರು, ಕಳೆದುಹೋದ ಮೇಕೆ ಹುಡುಕಕ್ಕೆ ಹತ್ತೋರು. ಕಾಲು ಜಾರಿದರೆ ಕಥೆ ಮುಗೀತು. ಅದಕ್ಕೇ ಹಿಂದಿನೋರು ಒಂದು ಕಟ್ಟಳೆ ಮಾಡಿದ್ರು. ಗುಡ್ಡದ ಮೇಲೆ ಅಲ್ಲಲ್ಲಿ ಬಂಡೆಯ ಸಂದಿಗಳಲ್ಲಿ ಕೊಂಬು ಇಟ್ಟರು. ಸಿಕ್ಕಿಬಿದ್ದೋರು ಊದಬೇಕು. ಊರಿನ ನಡುವೆ ಬೇವಿನಮರದ ಕಟ್ಟೆ ಮೇಲೆ ಒಂದು ಹಗ್ಗ ಇಟ್ಟರು. ಊರಿನ ಹಗ್ಗ. ವರ್ಷಕ್ಕೊಂದು ಸಲ ಮನೆಗೊಂದು ಎಳೆ ತಂದು ಅದನ್ನ ಹೊಸೆಯೋರು. ಎಳೆ ಕೊಡದ ಮನೆ ಆ ಊರಲ್ಲಿ ಇರಲಿಲ್ಲ.

ಕೊಂಬು ಕೇಳಿಸ್ತೋ, ಉಳೋನು ನೇಗಿಲು ಬಿಟ್ಟು ಓಡಬೇಕು. ಹಾಲು ಕರೆಯೋನು ಚೊಂಬು ಬಿಟ್ಟು ಓಡಬೇಕು. ಹೆಂಡತಿ ಜೊತೆ ಜಗಳ ಆಡೋನು ಜಗಳ ಬಿಟ್ಟು ಓಡಬೇಕು. ಇನ್ನೊಂದು ಮಾತು, ಚೆನ್ನಾಗಿ ಕೇಳಿ. ಊದಿದ್ದು ಯಾರು ಅಂತ ಕೇಳೋ ಹಾಗಿಲ್ಲ. ಆ ಮಾತು ಬಾಯಿಗೆ ಬರೋ ಹಾಗೇ ಇಲ್ಲ. ಯಾರೋ ಸಿಕ್ಕಿಬಿದ್ದಿದ್ದಾರೆ, ಹಗ್ಗ ಎತ್ತು, ನಡಿ. ಅಷ್ಟೇ.

ಹಗ್ಗದ ಮುಂದಿನ ತುದಿ ಹಿಡಿಯೋನು ದ್ಯಾವ ಅಂತ. ಜೇನು ಕೀಳೋನು. ಬಂಡೆ ಮೇಲೆ ಅವನ ಕಾಲು ನಿಂತರೆ ನಿಂತ ಹಾಗೆ. ಅವನ ಹೆಂಡತಿ ಚಿಕ್ಕತಾಯಿ, ಕಡಿಮೆ ಮಾತಿನ ಹೆಂಗಸು. ಇಬ್ಬರೂ ಚೆನ್ನಾಗಿದ್ರು.

ಹೀಗಿರಬೇಕಾದರೆ ಪಟ್ಟಣದಿಂದ ಒಬ್ಬ ಬಂದ. ಚನ್ನವೀರ ಸಾಹುಕಾರ. ಏಳು ಅಂಕಣದ ಮನೆ, ಎಣಿಸಕ್ಕಾಗದಷ್ಟು ಆಳುಕಾಳು, ಮಾಡಕ್ಕೆ ಮಾತ್ರ ಏನೂ ಕೆಲಸ ಇಲ್ಲ. ಕೆಲಸ ಇಲ್ಲದೋನಿಗೆ ತಲೆಯಲ್ಲಿ ಏನು ಬರ್ತದೆ? ಗುಡ್ಡದ ತುದಿಯಲ್ಲಿ ಮೂಗಿನ ಹಾಗೆ ಚಾಚಿಕೊಂಡಿರೋ ಒಂದು ಕಲ್ಲು ಇತ್ತು. ಮೂಗುಕಲ್ಲು ಅನ್ನೋರು. ಅದರ ಮೇಲೆ ಊರಿನ ಒಬ್ಬನೂ ಹತ್ತಿರಲಿಲ್ಲ.

"ಅಲ್ಲೇನಿದೆ ಬುದ್ಧಿ, ಹತ್ತಕ್ಕೆ?" ಅಂದ ಊರಿನ ಯಜಮಾನ.

"ಏನೂ ಇಲ್ಲ."

"ಜೇನೂ ಇಲ್ಲ, ಸೀಗೆನೂ ಇಲ್ಲ."

"ಅದಕ್ಕೇ ಹೋಗ್ತಿರೋದು ಕಣಯ್ಯ. ಏನೂ ಇಲ್ಲದ ಕಡೆ ಹೋಗಿ ಬಾವುಟ ನೆಟ್ಟು ಬರೋದು ಅಂದ್ರೆ ಸಾಮಾನ್ಯನಾ? ನಿಮಗೆಲ್ಲಿ ಅರ್ಥ ಆಗಬೇಕು ಬಿಡು."

ನಮಗೂ ಅರ್ಥ ಆಗಲ್ಲ, ಇರಲಿ. ಸಾಹುಕಾರ ಹತ್ತಿದ. ಅರ್ಧ ದಾರಿಗೆ ಸಿಕ್ಕಿಬಿದ್ದ. ಮೇಲೆ ಹೋಗಕ್ಕೂ ಆಗಲ್ಲ, ಕೆಳಗೆ ಬರಕ್ಕೂ ಆಗಲ್ಲ. ಕೊಂಬು ಊದಿದ. ಊರು ಓಡಿತು, ಇಳಿಸ್ಕೊಂಡು ಬಂತು. ಸಾಹುಕಾರ ಖುಷಿಯಾಗಿ ಊರಿಗೆಲ್ಲ ಒಂದು ಊಟ ಹಾಕಿಸಿದ. ಊಟಕ್ಕೆ ತಾನು ಬರಲಿಲ್ಲ. ಪಟ್ಟಣಕ್ಕೆ ಹೋಗಿ, ನಾನೇ ಇಳಿದು ಬಂದೆ ಅಂತ ಹೇಳ್ಕೊಂಡ. ಹೇಳ್ಕೊಳ್ಳಲಿ ಬಿಡಿ, ಬಾಯಿ ಅವನದು.

ಎರಡನೇ ಸಲ ಬಂದ. ಬೇಡ ಬುದ್ಧಿ, ಮಂಜು ಬಿದ್ದು ಬಂಡೆ ಜಾರ್ತಾ ಇದೆ ಅಂದರು. ಕೇಳಿದನಾ? ಹತ್ತಿದ, ಸಿಕ್ಕಿಬಿದ್ದ, ಊದಿದ. ದ್ಯಾವ ಮುಂದಿನ ತುದಿ ಹಿಡಿದು ಹತ್ತಿದ. ಸಾಹುಕಾರನ ಸೊಂಟಕ್ಕೆ ಹಗ್ಗ ಬಿಗಿದು, "ಅಲುಗಬೇಡಿ ಬುದ್ಧಿ, ನಾನು ಇಳಿಸ್ತೀನಿ" ಅಂದ. ಸಾಹುಕಾರ ಹೆದರಿ ಕಾಲು ಝಾಡಿಸಿದ. ಒಂದು ಗುಂಡುಕಲ್ಲು ಕಿತ್ತುಕೊಂಡು ಬಂದು ದ್ಯಾವನ ಮೊಣಕಾಲಿಗೆ ಬಿತ್ತು.

ಸಾಹುಕಾರ ಉಳಿದ. ದ್ಯಾವನೂ ಉಳಿದ, ಆದರೆ ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಜೇನು ಕೀಳೋನಿಗೆ ಕಾಲು ಹೋದರೆ ಇನ್ನೇನು ಉಳೀತು, ನೀವೇ ಹೇಳಿ.

ಊರಿನ ಮೂವರು ಹಿರಿಯರು ಪಟ್ಟಣಕ್ಕೆ ಹೋದರು. ಸಾಹುಕಾರನ ಜಗಲಿ ಮೇಲೆ ಕೂತರು. ಬಿಸಿಲು ಜಗಲಿಗೆ ಬಂತು, ಜಗಲಿಯಿಂದ ಹೋಯ್ತು, ಆಮೇಲೆ ಸಾಹುಕಾರ ಬಂದ.

"ದ್ಯಾವನ ಮನೆಗೆ ಏನಾದ್ರೂ ದಾರಿ ಮಾಡಬೇಕು ಬುದ್ಧಿ. ನಿಮ್ಮಿಂದ ಆದದ್ದು."

"ನಾನು ಊದಿದ್ದು ನಿಜ. ದ್ಯಾವನೇ ಬರಲಿ ಅಂತ ಊದಿದ್ನಾ? ಕೊಂಬು ಇಟ್ಟೋರು ನೀವು, ಹಗ್ಗ ಇಟ್ಟೋರು ನೀವು. ಬಂದಿದ್ದು ಅವನ ಇಷ್ಟ. ಮಜ್ಜಿಗೆ ತಗೊಂಡು ಹೋಗಿ."

ಮೂವರೂ ಮಜ್ಜಿಗೆ ಕುಡಿದರು. ಮೂವರೂ ಬಾಯಿ ಒರೆಸಿಕೊಂಡರು. ಮೂವರೂ ವಾಪಸ್ ಬಂದರು. ಕುಡೀಬಾರದಿತ್ತು, ಆದರೆ ಬಿಸಿಲಲ್ಲಿ ನಡೆದು ಬಾಯಾರಿತ್ತು. ಆ ಮಜ್ಜಿಗೆಯ ಮಾತು ಊರಲ್ಲಿ ಯಾರೂ ಎತ್ತಲಿಲ್ಲ.

ದ್ಯಾವನಿಗೆ ಹೊಟ್ಟೆಯಲ್ಲಿ ಬೆಂಕಿ. ಕಟ್ಟೆ ಮೇಲೆ ಊರುಗೋಲು ಕುಟ್ಟಿ ಹೇಳಿದ: "ಹೊಟ್ಟೆಪಾಡಿಗೆ ಹತ್ತಿ ಬಿದ್ದೋರಿಗೆ ಹಗ್ಗ. ಮೋಜಿಗೆ ಹತ್ತಿ ಬಿದ್ದೋರಿಗೂ ನಮ್ಮ ಹಗ್ಗನಾ? ನಮ್ಮ ಕಾಲಾ? ಇನ್ಮೇಲೆ ಕೊಂಬು ಕೇಳಿಸಿದರೆ ಮೊದಲು ಯಾರು ಅಂತ ಕೇಳೋಣ. ಅವನಾದರೆ ಊದ್ತಾ ಇರಲಿ."

ಯಾರೂ ಬೇಡ ಅನ್ನಲಿಲ್ಲ. ಹೇಗೆ ಅಂತಾರೆ, ಮುಂದೆ ಆ ಕಾಲು ಕಾಣ್ತಾ ಇದೆ.

ಈಗ ನೀವು ಹೇಳಿ, ದ್ಯಾವನ ಕಾಲಿಗೆ ಯಾರು ತೆರಬೇಕು? ಸಾಹುಕಾರ ಅಂತೀರಾ? ಏ ಕಂಬಕ್ಕೆ ಒರಗಿರೋನೆ, ನೀನೇನಂತೀಯ? ಸಾಹುಕಾರನೇ ಅಂತೀಯ. ಸರಿ. ನಾನೂ ಹಾಗೇ ಅಂತೀನಿ. ದ್ಯಾವ ಹೇಳಿದ್ದು ತಪ್ಪು ಅಂತ ನನ್ನ ಬಾಯಲ್ಲಿ ಬರಲ್ಲ. ಮುಂದೆ ಕೇಳಿ.

ದ್ಯಾವ ಕೂತಮೇಲೆ ಮನೆ ನಡೀಬೇಕಲ್ಲ. ಚಿಕ್ಕತಾಯಿ ಸೀಗೆಕಾಯಿಗೆ ಹೋಗಕ್ಕೆ ಶುರು ಮಾಡಿದಳು. "ಮೇಲೆ ಹೋಗಬೇಡ ಕಣೆ" ಅನ್ನೋನು ಗಂಡ. "ಕೆಳಗಿನ ಇಳಿಜಾರಲ್ಲೇ ಸಿಗ್ತದೆ ಬಿಡು" ಅನ್ನೋಳು ಹೆಂಡತಿ. ಕೆಳಗಿನ ಇಳಿಜಾರಲ್ಲಿ ಇದ್ದದ್ದನ್ನ ಊರಿನ ಹೆಂಗಸರೆಲ್ಲ ಕಿತ್ತು ಬರಿದು ಮಾಡಿದ್ರು. ದಿನಾ ದಿನಾ ಅವಳು ಇನ್ನಷ್ಟು ಮೇಲೆ ಹೋಗ್ತಾ ಇದ್ದಳು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅವನು ತನ್ನ ಕಾಲು ನೋಡ್ಕೊಂಡು ಸುಮ್ಮನೆ ಕೂತುಬಿಡ್ತಿದ್ದ, ಅದು ಅವಳಿಗೆ ಬೇಡವಾಗಿತ್ತು.

ಮೂರನೇ ಸಲ ಸಾಹುಕಾರ ಬಂದ. ಈ ಸಲ ಜೊತೆಗೆ ಆಳುಗಳಿಲ್ಲ, ಒಬ್ಬ ಆಳೂ ಬರಕ್ಕೆ ಒಪ್ಪಿರಲಿಲ್ಲ. ತಲೆಗೆ ಕೆಂಪು ರುಮಾಲು, ಕೈಯಲ್ಲಿ ಬಾವುಟ. ಊರ ನಡುವೆಯೇ ನಡೆದುಕೊಂಡು ಹೋದ. ಊರೆಲ್ಲ ನೋಡಿತು, ಒಬ್ಬರೂ ಮಾತಾಡಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊಂಬು ಕೂಗಿತು.

ಅಭ್ಯಾಸ ನೋಡಿ, ಜನ ಎದ್ದು ಓಡಿ ಬಂದರು. ಒಬ್ಬ ಹಗ್ಗದ ಸುರುಳಿ ಹೆಗಲಿಗೆ ಹಾಕಿಯೂ ಬಿಟ್ಟ. ಕಟ್ಟೆ ಮೇಲೆ ಕೂತಿದ್ದ ದ್ಯಾವ ಊರುಗೋಲು ಅಡ್ಡ ಹಿಡಿದ. "ಕೆಳಗಿಡು. ಯಾರು ಅಂತ ಗೊತ್ತಲ್ಲ?"

ಅವನು ಕೆಳಗಿಟ್ಟ. ಎಲ್ಲರೂ ಕಟ್ಟೆ ಸುತ್ತ ಕೂತರು.

ಎರಡನೇ ಸಲ ಕೂಗಿತು. "ಹೋಗಿ ಒಬ್ಬ ಸತ್ತರೆ ಅವನ ಮಕ್ಕಳನ್ನ ಯಾರು ಸಾಕ್ತಾರೆ?" ಅಂದ ಒಬ್ಬ. "ಸಾಹುಕಾರ ಸಾಕ್ತಾನಾ?" "ಮಜ್ಜಿಗೆ ಕೊಡ್ತಾನೆ" ಅಂದ ಇನ್ನೊಬ್ಬ. ಮೂವರು ಹಿರಿಯರು ನೆಲ ನೋಡಿದರು. ಯಜಮಾನ, "ಮೊದಲು ಇದು ತೀರ್ಮಾನ ಆಗಲಿ, ಭಾರ ಯಾರದು ಅಂತ" ಅಂದ. ಅಂದವನು ಎದ್ದು ನಿಂತ, ಗುಡ್ಡದ ಕಡೆ ನೋಡಿದ, ಮತ್ತೆ ಕೂತ.

ಮೂರನೇ ಸಲ ಕೂಗಿತು. ಉದ್ದಕ್ಕೆ, ಉಸಿರು ಹರಿದುಹೋಗೋ ಹಾಗೆ ಕೂಗಿ ನಿಂತೇಹೋಯ್ತು.

"ನೋಡಿದ್ರಾ" ಅಂದ ದ್ಯಾವ, "ನಾವು ಹೋಗದಿದ್ರೆ ತಾನೇ ಇಳೀತಾನೆ."

ಜನ ನಕ್ಕರು. ಹೇಳಕ್ಕೆ ನನಗೇ ನಾಚಿಕೆ, ಆದರೂ ಹೇಳಬೇಕು. ನಕ್ಕರು.

ಬಿಸಿಲು ಇಳೀತು. ಗುಡ್ಡದ ದಾರಿಯಲ್ಲಿ ಒಬ್ಬ ಬರ್ತಾ ಇದ್ದಾನೆ. ಸಾಹುಕಾರನೇ. ತಲೆ ಮೇಲೆ ರುಮಾಲಿಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ, ಮೊಣಕಾಲು ತರಚಿ ರಕ್ತ ಸೋರ್ತಾ ಇದೆ. ಬೆನ್ನು ಬಗ್ಗಿದೆ. ಬೆನ್ನ ಮೇಲೆ ಏನನ್ನೋ ರುಮಾಲಿನಲ್ಲಿ ಬಿಗಿದು ಕಟ್ಕೊಂಡಿದ್ದಾನೆ.

ದ್ಯಾವನಿಗೆ ಎಷ್ಟು ದಿನದಿಂದ ಕಟ್ಟಿಟ್ಟ ಮಾತು. ಬಿಡ್ತಾನಾ? "ಏನು ಸಾಹುಕಾರ್ರೇ, ಈ ಸಲ ಗಂಟುಮೂಟೆ ನೀವೇ ಹೊತ್ಕೊಂಡು ಬಂದ್ರಾ?"

ಆ ಗಂಟು ನರಳಿತು.

ಸಾಹುಕಾರ ಕಟ್ಟೆ ಹತ್ತಿರ ಬಂದು ಮಂಡಿ ಊರಿದ. ರುಮಾಲು ಬಿಚ್ಚಿದರು. ಚಿಕ್ಕತಾಯಿ. ಸೊಂಟ ಮುರಿದಿದೆ, ಮುಖವೆಲ್ಲ ಧೂಳು, ಸೆರಗಿನ ತುದಿಯಲ್ಲಿ ಇನ್ನೂ ನಾಲ್ಕು ಸೀಗೆಕಾಯಿ ಗಂಟು ಹಾಕ್ಕೊಂಡಿದ್ದಾಳೆ.

"ಮೂಗುಕಲ್ಲಿನ ಕೆಳಗೆ ಬಿದ್ದಿದ್ದಳು" ಅಂದ ಸಾಹುಕಾರ. "ಒಬ್ಬನಿಂದ ಎತ್ತಕ್ಕಾಗಲಿಲ್ಲ. ಊದಿದೆ. ನಿಮ್ಮ ಹೆಂಗಸಿಗೋಸ್ಕರ ಊದಿದೆ. ನೀವು ಬರಲಿಲ್ಲ. ಕೊನೆಗೆ ಬೆನ್ನಿಗೆ ಬಿಗಿದ್ಕೊಂಡು ತೆವಳ್ತಾ ಇಳಿದೆ. ಯಾಕೆ ಬರಲಿಲ್ಲ ಅಂತ ನನಗೆ ಗೊತ್ತಾಯ್ತು. ಊದಿದ್ದು ನಾನಲ್ವಾ." ಅಷ್ಟು ಹೇಳಿ ತಲೆ ಬಗ್ಗಿಸಿದ. ಆ ತಲೆ ಪಟ್ಟಣದಲ್ಲಿ ಯಾರ ಮುಂದೆಯೂ ಬಗ್ಗಿರಲಿಲ್ಲ.

ಚಿಕ್ಕತಾಯಿ ಕಣ್ಣು ಬಿಟ್ಟಳು. ಸುತ್ತ ನಿಂತೋರನ್ನ ಒಬ್ಬೊಬ್ಬರನ್ನೇ ನೋಡಿದಳು. ಆಮೇಲೆ ಅಂದಳು, ಕೇಳಿ, ಕೋಪ ಇಲ್ಲದೆ ಅಂದಳು:

"ಅಲ್ಲಿಂದ ಕಟ್ಟೆ ಚೆನ್ನಾಗಿ ಕಾಣ್ತದೆ. ಬಿಳೀ ರುಮಾಲುಗಳೆಲ್ಲ ಬಂದು ಸೇರಿದ್ದು ನೋಡಿದೆ. ಬಂದ್ರು, ಇನ್ನೇನು ಹೊರಟ್ರು ಅಂದ್ಕೊಂಡೆ. ಎರಡನೇ ಸಲ ಊದಿದಾಗ ಒಂದು ರುಮಾಲು ಎದ್ದಿತು. ಹೊರಟ್ರು ಅಂದ್ಕೊಂಡೆ. ಅದೂ ಕೂತ್ಕೊಂಡಿತು. ಆಮೇಲೆ ಅಲ್ಲಿಂದ ಯಾವುದೂ ಅಲುಗಲಿಲ್ಲ."

ಕಟ್ಟೆ ಸುತ್ತ ನಿಂತಿದ್ದ ಗಂಡಸರು ಒಬ್ಬೊಬ್ಬರಾಗಿ ತಲೆ ಮೇಲಿನ ರುಮಾಲು ತೆಗೆದು ಕಂಕುಳಲ್ಲಿ ಇಟ್ಕೊಂಡರು. ಹೆಂಗಸರು ಅಳ್ತಾ ನೀರು ತಂದರು. ದ್ಯಾವ? ಅವನು ನೆಲಕ್ಕೆ ಕೂತ. ಹೆಂಡತಿ ಹತ್ತಿರ ಹೋಗಕ್ಕೂ ಧೈರ್ಯ ಇಲ್ಲ, ಬಿಟ್ಟು ಹೋಗಕ್ಕೂ ಆಗಲ್ಲ. ಊರುಗೋಲು ದೂರ ಎಸೆದ, ಆಮೇಲೆ ತೆವಳಿಕೊಂಡು ಹೋಗಿ ಅದನ್ನೇ ತಂದ. ಅದಿಲ್ಲದೆ ಎದ್ದೇಳೋದು ಹೆಂಗೆ.

ಈಗ ನೋಡಿ ಸೋಜಿಗ. ಇಷ್ಟು ದಿನ ಭಾರ ಯಾರದು ಅಂದ್ರೆ ಅವನದು, ಇವನದು. ಈಗ? "ನನ್ನದು" ಅಂದ ಸಾಹುಕಾರ, "ನಾನು ಮೊದಲೇ ನೆಟ್ಟಗೆ ನಡ್ಕೊಂಡಿದ್ರೆ ಅವಳು ಗುಡ್ಡ ಹತ್ತೋ ಗತಿ ಬರ್ತಿರಲಿಲ್ಲ." "ನಮ್ಮದು" ಅಂದ ಯಜಮಾನ, "ಕೂತಿದ್ದು ನಾವು." "ನನ್ನದು" ಅಂದ ದ್ಯಾವ. ನಾಚಿಕೆ ಹುಟ್ಟಿದ ಮೇಲೆ ಎಲ್ಲರೂ ಭಾರ ಹೊರೋರೇ. ನನ್ನದು ಅಂತ ಸಾಹುಕಾರ ಕೂಗಾಡಿದ, ನಮ್ಮದು ಅಂತ ಯಜಮಾನ ಕೂಗಾಡಿದ, ಮತ್ತೆ ಪಂಚಾಯ್ತಿ ಶುರುವಾಯ್ತು.

"ಮೊದಲು ನನ್ನ ಒಳಗೆ ಮಲಗಿಸ್ರಪ್ಪಾ" ಅಂದಳು ಚಿಕ್ಕತಾಯಿ. "ಆಮೇಲೆ ಮಾತಾಡಿ."

ಮಲಗಿಸಿದರು. ನಾಟಿ ವೈದ್ಯ ಬಂದು ಪಟ್ಟು ಹಾಕಿದ. ಅವಳು ಎದ್ದು ಗೋಡೆಗೆ ಒರಗಿ ಕೂರೋ ಹಾಗಾದಾಗ ಊರು ಅವಳ ಅಂಗಳಕ್ಕೇ ಬಂತು. ಸಾಹುಕಾರನೂ ಬಂದ. ಕರೆಯದೇ ಬಂದ, ಅಂಗಳದಲ್ಲಿ ಎಲ್ಲರ ಹಿಂದೆ ಕೂತ. ಯಾರೂ ಅವನಿಗೆ ಮಜ್ಜಿಗೆ ಕೊಡಲಿಲ್ಲ, ಅವನೂ ಕೇಳಲಿಲ್ಲ.

"ನೀನೇ ಹೇಳವ್ವಾ, ಹೆಂಗೆ ತೀರಿಸೋದು?" ಅಂದ ಯಜಮಾನ.

"ಊರಿಗೆ ಒಂದು ಮಾತು" ಅಂದಳು. "ಯಾರು ಅಂತ ಕೇಳಿ, ಬೇಡ ಅನ್ನಲ್ಲ. ಕೆಳಗೆ ಇಳಿಸಿದ ಮೇಲೆ ಕೇಳಿ. ಯಾಕೆ ಹತ್ತಿದೆ ಅಂತ ಕೇಳಿ, ಏನು ಕೊಡ್ತೀಯ ಅಂತ ಕೇಳಿ, ಜುಟ್ಟು ಹಿಡಿದು ಕೇಳಿ. ಮೇಲಿರೋ ತನಕ ಮಾತ್ರ ಕೇಳಬೇಡಿ."

"ಸಾಹುಕಾರ್ರಿಗೆ?"

"ನನ್ನ ಗಂಡ ಹಗ್ಗದ ಮುಂದಿನ ತುದಿ ಹಿಡೀತಿದ್ದ. ಈಗ ಆ ಜಾಗ ಖಾಲಿ. ಅಲ್ಲಿ ಅವರು ನಿಲ್ಲಲಿ."

"ಗಟ್ಟಿಮುಟ್ಟಾದ ಇಬ್ಬರು ಆಳು ಕಳಿಸ್ತೀನಿ ತಾಯಿ" ಅಂದ ಸಾಹುಕಾರ.

"ಗುಡ್ಡ ಹತ್ತಕ್ಕೆ ಆಳು ಕಳಿಸಿದ್ರಾ ಬುದ್ಧಿ?"

ಸಾಹುಕಾರ ಆಳು ಕಳಿಸಲಿಲ್ಲ, ತಾನೇ ಬಂದ. ಗುಡ್ಡದ ಬುಡದಲ್ಲಿ ಒಂದು ಮನೆ ಕಟ್ಕೊಂಡ. ದ್ಯಾವನ ಮನೆಗೆ ಕಾಳು ಕಡ್ಡಿ ಅವನ ಮನೆಯಿಂದಲೇ ಹೋಗ್ತಿತ್ತು, ಅದನ್ನ ಯಾರೂ ಹೇಳಬೇಕಾಗಲಿಲ್ಲ. ಊರಿನ ಹಗ್ಗಕ್ಕೆ ವರ್ಷಕ್ಕೊಂದು ಎಳೆ ಕೊಟ್ಟ, ಬಂಡೆ ಮೇಲೆ ಕಾಲು ಇಡೋದು ದ್ಯಾವನ ಹತ್ತಿರ ಕಲಿತು ಹಗ್ಗದ ಮುಂದಿನ ತುದಿ ಹಿಡಿದ. ದ್ಯಾವ ಕಲಿಸಿದ, ಮುಖ ನೋಡದೇ ಕಲಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ. ಮೂಗುಕಲ್ಲಿನ ಮೇಲೆ ಬಾವುಟ ಕೊನೆಗೂ ಏರಲಿಲ್ಲ.

ದ್ಯಾವನಿಗೇನು ತೀರ್ಪು ಅಂತೀರಾ? ಅವನೂ ಕೇಳಿದ. ಎಲ್ಲರೂ ಹೋದ ಮೇಲೆ, ಹೆಂಡತಿಯ ಕಾಲಿಗೆ ಎಣ್ಣೆ ಹಚ್ಚುತ್ತಾ ಕೇಳಿದ, "ನನಗೇನೂ ಹೇಳಲಿಲ್ಲವಲ್ಲೇ?"

"ನಿನಗೆ ಏನು ಹೇಳಲಿ ಕಣಯ್ಯಾ" ಅಂದಳು. ಗೋಡೆ ಕಡೆ ತಿರುಗಿದಳು. ಅಷ್ಟೇ.

ಹೆಂಡತಿ ಏನೂ ಹೇಳದೇ ಇದ್ದದ್ದಕ್ಕೆ ಅವನೇ ಒಂದು ಮಾಡಿಕೊಂಡ. ಕೊಂಬು ಕೂಗಿತೋ, ಊರು ಹಗ್ಗ ಎತ್ತೋದಕ್ಕೂ ಮುಂಚೆ ದ್ಯಾವ ಊರುಗೋಲು ಊರಿಕೊಂಡು ಕುಂಟುತ್ತಾ ಕಟ್ಟೆಯಿಂದ ಹೊರಗೆ, ಮರದ ನೆರಳಿಂದ ಹೊರಗೆ, ಬಯಲಿಗೆ ಬರ್ತಾನೆ. ತಲೆ ಮೇಲಿನ ರುಮಾಲು ಬಿಚ್ಚಿ ಎರಡೂ ಕೈ ಎತ್ತಿ ಬೀಸ್ತಾನೆ. ಮೇಲೆ ಬಿದ್ದಿರೋರಿಗೆ ಕಾಣಲಿ ಅಂತ, ಇಲ್ಲಿಂದ ಹೊರಟರು ಅಂತ ಗೊತ್ತಾಗಲಿ ಅಂತ. ಜನ ಅವರನ್ನ ಇಳಿಸ್ಕೊಂಡು ಬರೋ ತನಕ ಅಲ್ಲೇ ನಿಂತು ಬೀಸ್ತಾನೆ.

ಒಂದು ಸಲ ಪರವೂರಿನವನೊಬ್ಬ ದಾರಿಯಲ್ಲಿ ಹೋಗ್ತಾ ನೋಡಿದ. "ಯಾರೋ ದುಡ್ಡಿದ್ದೋನ ಮಗ ಮೋಜಿಗೆ ಹತ್ತಿ ಸಿಕ್ಕಿಬಿದ್ದಿದ್ದಾನಂತೆ. ಅಂಥೋನಿಗೆ ಈ ಬಿಸಿಲಲ್ಲಿ ಇಷ್ಟು ಬೀಸ್ತೀಯಲ್ಲಣ್ಣ, ಕೈ ನೋಯಲ್ವಾ?"

"ನೋಯ್ತದೆ" ಅಂದ ದ್ಯಾವ. ಕೈ ಇಳಿಸಲಿಲ್ಲ. ಮನೆ ಬಾಗಿಲಲ್ಲಿ ಚಿಕ್ಕತಾಯಿ ತನ್ನ ಊರುಗೋಲಿಗೆ ಒರಗಿ ನಿಂತು ಅವನನ್ನೇ ನೋಡ್ತಾ ಇದ್ದಳು.

ಅವರ ಊರು ಅಲ್ಲೇ ಇದೆ, ನಮ್ಮ ಜಗಲಿ ಇಲ್ಲೇ ಇದೆ. ಹೂಂ ಅಂದೋರು ಎದ್ದು ನೀರು ಕುಡೀರಿ, ನಿದ್ದೆ ಮಾಡಿದೋರು ನನಗೆ ಎಲೆಅಡಿಕೆ ತನ್ನಿ.