ನೋವಿಲ್ಲದ ಮಗ್ಗುಲು

ಲೈಟ್ ಆರಿಸಬೇಡಿ, ಇರಲಿ. ಇದು ನನ್ನ ದೊಡ್ಡಮ್ಮನ ಮಗನಿಗೆ ಆಗಿದ್ದು. ಜೊತೆಯಲ್ಲಿ ನಾನೂ ಇದ್ದೆ.

ಲಾಂಡ್ರಿಯ ಪಂಪ್ ರಿಪೇರಿ ಮುಗಿಸಿ ನಾವಿಬ್ಬರೂ ಮನೆಗೆ ಬರುತ್ತಿದ್ದೆವು. ರಾತ್ರಿ ಹನ್ನೆರಡು ದಾಟಿತ್ತು. ಅಣ್ಣ ಪಂಪ್ ಮೆಕ್ಯಾನಿಕ್. ಅವನ ಟೂಲ್ ಬ್ಯಾಗ್ ನನ್ನ ಹೆಗಲಿಗೆ. ಮೆದುಳಲ್ಲಿದ್ದ ಗಡ್ಡೆ ತೆಗೆಸಿಕೊಂಡವನಿಗೆ ಭಾರ ಹೊರಿಸೋಕಾಗುತ್ತಾ? ಗಡ್ಡೆ ಹೋಯಿತು, ತಲೆನೋವು ಉಳಿಯಿತು. ಹದಿನೆಂಟು ತಿಂಗಳು! ಸ್ಕ್ಯಾನ್ ಮಾಡಿದರೆ ಏನೂ ಇಲ್ಲ. ದಿನಾ ರಾತ್ರಿ ಮೂರಕ್ಕೆ ಗೋಡೆಯಾಚೆ ಅವನು ನರಳೋದು ಕೇಳಿಸೋದು... 'ಹ್ಞೂಂ... ಹ್ಞೂಂ... ಅಯ್ಯೋsss.' ಎರಡು ಗಿಡ್ಡ, ಒಂದು ಉದ್ದ. ನಾನು ದಿಂಬಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

"ಸುಮ್ನೆ ಮನಸ್ಸಿಗೆ ಹಚ್ಕೊಂಡಿದೀಯ" ಅಂತ ಮುಖಕ್ಕೆ ಹೊಡೆದ ಹಾಗೆ ಅಂದಿದ್ದೂ ಉಂಟು. ಅವನು ಕೇಳಿದ್ದು ಒಂದೇ. "ವಾಸಿ ಮಾಡ್ಬೇಡ ಕಣೋ, ನಂಬು ಸಾಕು." ನಾನು ನಂಬಲಿಲ್ಲ.

ದಾರಿಯಲ್ಲಿ ಹಳೇ ಬಾವಿ. ಬಾಯಿಗೆ ಕಾಂಕ್ರೀಟ್ ಚಪ್ಪಡಿ ಮುಚ್ಚಿದ್ದರು. ಅಲ್ಲಿ ಅಣ್ಣ ಗಕ್ಕನೆ ನಿಂತ.

"ಏನಾಯ್ತೋ?"

"ನೋವು... ಹೋಯ್ತು. ಕೆಳಕ್ಕೆ ಇಳಿದ ಹಾಗಾಯ್ತು." ಪಿಸುಗುಟ್ಟಿದ.

ಬೇರಿಂಗ್ ಹೋಗಿದೆಯಾ ಅಂತ ತಿಳಿಯೋಕೆ ಮೆಕ್ಯಾನಿಕ್‌ಗಳು ಉದ್ದ ಸ್ಕ್ರೂಡ್ರೈವರ್ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಗೆ ಕಿವಿ ಇಡುತ್ತಾರೆ. ಒಳಗಿನ ಸದ್ದು ಕಿವಿಗೇ ಬರುತ್ತೆ. ಅಣ್ಣ ನನ್ನ ಹೆಗಲಿನ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು, ಮಂಡಿಯೂರಿ, ಚಪ್ಪಡಿಗೆ ಹಾಗೆ ಒತ್ತಿ ಕೇಳಿದ. ತುಂಬಾ ಹೊತ್ತು... ಆಮೇಲೆ ಸರಿದು ನನಗೆ ಜಾಗ ಬಿಟ್ಟ.

ಕಿವಿ ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ, ತುಂಬಾ ಆಳದಿಂದ...

'ಹ್ಞೂಂ... ಹ್ಞೂಂ... ಅಯ್ಯೋsss.'

ಅವನದೇ ದನಿ! ತಲೆಯೆತ್ತಿದೆ. ಅಣ್ಣ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದ.

"ಅಲ್ಲೇ ಬಿದ್ದಿರ್ಲಿ ಬಿಡು," ಅವನ ತೋಳು ಎಳೆದೆ. "ನಿನಗೆ ವಾಸಿಯಾಯ್ತಲ್ಲ, ಬಾ ಹೋಗೋಣ!"

ಎರಡು ಹೆಜ್ಜೆ ಬಂದ. ನಿಂತ.

"ಕೆಳಗೆ ಒಬ್ನೇ ನರಳ್ತಿದಾನೆ ಕಣೋ... ಅವನ ಮಾತು ಯಾರು ನಂಬ್ತಾರೆ?"

ತಡೆಯೋಕೆ ಹೋದೆ, ಆಗಲಿಲ್ಲ. ವಾಪಸ್ ಹೋಗಿ ಚಪ್ಪಡಿಗೆ ಹಣೆ ಹಚ್ಚಿದ. ನಾನು ಸ್ಕ್ರೂಡ್ರೈವರಿಗೆ ಕಿವಿ ಇಟ್ಟೆ. ಕೆಳಗೆ ಸದ್ದು ನಿಂತಿತ್ತು. ಮೇಲೆ, ಅಣ್ಣನ ಬಾಯಿಂದ ಶುರುವಾಯಿತು. ಎರಡು ಗಿಡ್ಡ... ಒಂದು ಉದ್ದ.

ಹಿಡಿದುಕೊಂಡು ಮನೆಗೆ ಕರೆತಂದೆ. ಆ ರಾತ್ರಿ ಮೊದಲ ಸಲ ಅವನ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು ಕೂತೆ. ಈಗಲೂ ಮೂರಕ್ಕೆ ಎದ್ದು ಹೋಗಿ ಕೂರುತ್ತೇನೆ.

ಮಾರನೇ ದಿನ ಲಾಂಡ್ರಿಯವನನ್ನು ಕರೆದುಕೊಂಡು ಹೋಗಿ, ಹಾರೆ ಹಾಕಿ ಚಪ್ಪಡಿ ಸರಿಸಿದೆ. ಬಾವಿಯೇ ಇಲ್ಲ! ಗೇಣು ಕೆಳಗೆ ಗಟ್ಟಿ ಮಣ್ಣು. ಯಾವ ಕಾಲದಲ್ಲೋ ತುಂಬಿಬಿಟ್ಟಿದ್ದರು. ಆ ಮಣ್ಣಿನ ನಡುವೆ ಒಂದು ತಗ್ಗು, ತಲೆ ಇಟ್ಟು ಎದ್ದರೆ ದಿಂಬಿನಲ್ಲಿ ಉಳಿಯುತ್ತಲ್ಲ, ಹಾಗೆ. ಎಡಕ್ಕೆ ಮಾತ್ರ ಆಳ. ಅಣ್ಣನಿಗೆ ಆಪರೇಷನ್ ಹೊಲಿಗೆ ತಲೆಯ ಬಲಕ್ಕೆ. ಅದಕ್ಕೇ ಅವನು ಯಾವಾಗಲೂ ಎಡ ಮಗ್ಗುಲಿಗೇ ಮಲಗೋದು.

ನಂಬಲ್ಲ ಅಂದ್ರೆ ಬೇಡ. ನಾನೂ ಹದಿನೆಂಟು ತಿಂಗಳು ನಂಬಿರಲಿಲ್ಲ. ಆದರೆ ಆ ತಗ್ಗಿಗೆ ಕೈ ಇಟ್ಟವನು ನಾನು. ಬೆಚ್ಚಗಿತ್ತು.