ಕುಬಸದ ದಿನ ಬೇಡಿದ ಪೆಟ್ರೋಲ್

…ಅಲ್ಲ, ಉಣ್ಣಾಕ ಏನೂ ಇದ್ದಿಲ್ಲ ಅಂತಲ್ಲ, ಜೋಳ ಇತ್ತು, ತೊಗರಿ ಇತ್ತು. ಆದ್ರ ಸಕ್ಕರಿ ಚೀಟಿ ಮ್ಯಾಲ, ಅರಿವಿ ಚೀಟಿ ಮ್ಯಾಲ, ದೀಪದ ಚಿಮಣಿ ಎಣ್ಣಿ ಚೀಟಿ ಮ್ಯಾಲ, ಪೆಟ್ರೋಲಂತೂ ಕೇಳಲೇಬ್ಯಾಡ್ರಿ. ಲಡಾಯಿ ಎಲ್ಲೋ ದೂರ ದೇಶದಾಗ, ಬಿಸಿ ಮಾತ್ರ ನಮ್ಮ ಶಹಾಬಜಾರದ ಓಣ್ಯಾಗ. ನಿಜಾಮರ ರಾಜ್ಯ ಆಗ. ನಿಮ್ಮ ಮುತ್ಯಾ, ಅಂದ್ರ ನನ್ನ ಮನಿಯವ್ರು, ಗಂಜ್ ಬಜಾರಿನಾಗ ಒಬ್ಬ ಸಾವ್ಕಾರನ ಮೋಟಾರ ಹೊಡೀತಿದ್ರು. ಈಗ ನೀವು ನೆಹರು ಗಂಜ್ ಅಂತೀರಿ, ಆಗ ಬರೇ ಗಂಜ್. ಪೆಟ್ರೋಲ್ ಈಗಿನಂಗ ಪಂಪಿನಾಗ ಬರ್ತಿದ್ದಿಲ್ಲ, ಡಬ್ಬಿಯಾಗ ಬರ್ತಿತ್ತು, ಆ ಡಬ್ಬಿಯಾಗ ಏನೇನಿರ್ತಿತ್ತೋ ಆ ದೇವ್ರು ಶರಣಬಸಪ್ಪನಿಗೇ ಗೊತ್ತು. ನೀರು, ಡಬ್ಬಿ ತುಕ್ಕಿನ ಜಂಗು, ಉಸುಕು, ಮತ್ತ ಲಡಾಯಿ ಶುರು ಆದ ಮ್ಯಾಲ ಚಿಮಣಿ ಎಣ್ಣಿ. ಒಮ್ಮೆ ಅಂಥಾದ್ದು ಹಾಕಿ ಹೊಲದ ದಾರ್‍ಯಾಗ ಮೋಟಾರ ನಿಂತುಬಿಡ್ತು. ಇಂಜಿನ್ ಬಾಜೂಕ ಕಾರ್ಬೊರೇಟರ್ ಅಂತ ಒಂದು ಇರ್ತದ ನೋಡ್ರಿ, ಅದರಾಗ ಸೂಜಿ ಹೋಗೋವಷ್ಟು ಸಣ್ಣ ತೂತು, ಅದರೊಳಗಿಂದನೇ ಪೆಟ್ರೋಲ್ ಇಂಜಿನ್ನಿಗಿ ಹೋಗ್ಬೇಕು. ಅದು ಕಟ್ಟಿಬಿಟ್ಟಿತ್ತು. ಮುತ್ಯಾ ಬಿಸಿಲಾಗ ಕುಂತು ಬಾಯಿಲೆ ಊದಿ ಊದಿ, ಮನಿಗಿ ಬಂದಾಗ ತುಟಿ ಬಾತು ಹೋಳಿಗಿ ಆಗಿದ್ವು. ನಾ ನಕ್ಕೆ. ನಕ್ಕಿದ್ದಕ್ಕ ಆ ರಾತ್ರಿ ಊಟಾ ಮಾಡ್ಲಿಲ್ಲ ಅವ್ರು, ಭಾಳ ಸಿಟ್ಟಿನ ಮನಷ್ಯಾ. ಅವತ್ತಿಂದ ಮೆತ್ತನ್ನ ತೊಗಲು ಹಾಕಿ ಸೋಸಿನೇ ಮೋಟಾರಿನ ಟಾಕಿಗಿ ಹಾಕೋದು. ತೊಗಲು ಪೆಟ್ರೋಲ್ ಬಿಡ್ತದ, ನೀರು ಬಿಡಂಗಿಲ್ಲ, ಜಂಗೂ ಬಿಡಂಗಿಲ್ಲ. ಆದ್ರ ಚಿಮಣಿ ಎಣ್ಣಿ? ಅದನ್ನ ಯಾವ ತೊಗಲೂ ಹಿಡಿಯಂಗಿಲ್ಲ. ಅದನ್ನ ಮೂಗೇ ಹಿಡೀಬೇಕು.

ಈಗ ನನ್ನ ಮೂಗಿನ ಮಾತಿಗಿ ಬರ್ತೀನಿ. ನಗಬಾರ್ದು ಮತ್ತ. ಚೊಚ್ಚಲ ಬಸುರಿ ನಾ, ನಿಮ್ಮ ದೊಡ್ಡಪ್ಪ ಹೊಟ್ಟಿಯೊಳಗ. ರೊಟ್ಟಿ ಸುಡೋ ವಾಸನಿ ಬಂದ್ರ ವಾಂತಿ, ಒಗ್ಗರಣಿ ಹಾಕಿದ್ರ ವಾಂತಿ, ಅತ್ತಿ ಊದಿನಕಡ್ಡಿ ಹಚ್ಚಿದ್ರ ಅದಕ್ಕೂ ವಾಂತಿ. ಒಂದೇ ಒಂದು ವಾಸನಿ ಹಿತ ಅನಸ್ತಿತ್ತು, ಪೆಟ್ರೋಲಿಂದು! ಖರೇ ಹೇಳ್ತೀನಿ. ಮುತ್ಯಾ ಬಿಚ್ಚಿಟ್ಟ ಅಂಗಿ ಇರ್ತಿತ್ತಲ್ಲ, ಅದನ್ನ ಒಗೀಲಿಕ್ಕ ಒಯ್ಯೋ ನೆವದಾಗ ಮೂಗಿಗಿ ಹಿಡಕೊಂಡು ನಿಂದರ್ತಿದ್ದೆ. ಅತ್ತಿ ನೋಡಿ, "ಯವ್ವಾ, ಗಂಡನ ಮ್ಯಾಲ ಎಷ್ಟು ಪ್ರೀತಿ ಅದ ನೋಡು ಇಕಿಗಿ" ಅಂತ ಓಣ್ಯಾಗೆಲ್ಲಾ ಹೇಳ್ಕೊಂಡು ಬಂದಾರ. ಗಂಡಂದಲ್ಲರೀ ಅತ್ತಿ, ಪೆಟ್ರೋಲಿಂದು ಅಂತ ಹ್ಯಾಂಗ ಹೇಳ್ಲಿ? ಆದ್ರ ಅಸಲಿ ಪೆಟ್ರೋಲಿನ ವಾಸನಿ ನನ್ನಷ್ಟು ಬರಾಬರಿ ಗೊತ್ತಿದ್ದವ್ರು ಆಗ ಈ ಊರಾಗ ಯಾರೂ ಇರಾಕಿಲ್ಲ.

ಏಳನೇ ತಿಂಗಳಾಗ ಕುಬಸ, ಅಂದ್ರ ಸೀಮಂತ, ಮಾಡ್ಬೇಕಂತ ತವರಿನವ್ರು ಕಮಲಾಪುರಕ್ಕ ಕರದ್ರು. ಸಾವ್ಕಾರ ಮೋಟಾರ ಕೊಟ್ಟ, ಹೋಗೋವಷ್ಟೇ ಪೆಟ್ರೋಲ್ ಕೊಟ್ಟ, "ಬರೋದು ನಿಮ್ಮದು ನೀವೇ ನೋಡ್ಕೋರಿ" ಅಂದ. ಅದಕ್ಕ ನಮ್ಮ ಅಣ್ಣ ಶರಣಪ್ಪ ಮುಂಚೆನೇ ಒಂದು ಡಬ್ಬಿ ಎಲ್ಲಿಂದೋ ತಂದಿಟ್ಟಿದ್ದ. ಕುಬಸದ ದಿನ ಮುಂಜಾನಿ ಹಸರು ಸೀರಿ, ಹಸರು ಬಳಿ, ತಲಿ ತುಂಬ ಮಲ್ಲಿಗಿ, ನನ್ನ ಮಣಿ ಮ್ಯಾಲ ಕೂಡಿಸ್ಯಾರ. ಮುತ್ತೈದೇರು ಉಡಿ ತುಂಬಾಕತ್ತಾರ, ಹಾಡು ನಡದಾವ. ನಮ್ಮ ಅಪ್ಪ ಮಾತ್ರ ಕಾಣವಲ್ಲ. ಅಪ್ಪ ಎಲ್ಲಿ ಅಂತ ಕೇಳಿದ್ರ "ಮಲಗ್ಯಾರ" ಅಂದ್ರು. ಮಗಳ ಕುಬಸದ ದಿನ ಅಪ್ಪ ಮಲಗ್ತಾನೇನು? ನಾ ಎದ್ದು ಹೋಗಿ ನೋಡಿದ್ರ, ಗ್ವಾಡಿ ಕಡಿ ಮುಖ ಮಾಡಿ, ಮೈ ಎಲ್ಲಾ ಬೆವರು, ಹಲ್ಲು ಕಚ್ಚಿ ಬಿದ್ದಾನ. ನಿನ್ನಿಯಿಂದ ಮೂತ್ರ ಕಟ್ಟಿತ್ತು. ನಾಚಿಕಿಗಿ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ, ಮನಿ ತುಂಬ ಹೆಣ್ಣುಮಕ್ಕಳು ಅಂತ. ಹೊಟ್ಟಿ ಕೆಳಗ ಕಲ್ಲಿನಂಗ ಬಿಗಿದಿತ್ತು. ಊರ ವೈದ್ಯ ಬಂದು ಕೈ ಇಟ್ಟು ನೋಡಿ, "ನನ್ನ ಕೈಲೆ ಆಗಂಗಿಲ್ಲ, ಜಲ್ದಿ ಶಹರದ ದೊಡ್ಡ ದವಾಖಾನಿಗಿ ಒಯ್ರಿ, ಇವತ್ತೇ ಒಯ್ರಿ" ಅಂದ. ಹಾಡು ನಿಂತ್ವು. ನಮ್ಮವ್ವ ಗೋಳೋ ಅಂತ ಅಳಾಕ ಹತ್ತಿದ್ಳು.

ಮುತ್ಯಾ ಓಡಿ ಹೋಗಿ ಮೋಟಾರ ತಿರುಗಿಸಿ ನಿಂದ್ರಿಸಿದ್ರು. ಅಣ್ಣ ಡಬ್ಬಿ ತಂದ, ಮುಚ್ಚಳ ತಗದ. ನಾ ಬಾಗಿಲಾಗ ನಿಂತಿದ್ದೆ, ಗಾಳಿ ನನ್ನ ಕಡಿ ಬೀಸ್ತು, ಬೀಸಿದ್ದೇ ತಡ, ನಂಗ ವಾಂತಿ! ಇದು ಪೆಟ್ರೋಲಲ್ಲ, ಪೆಟ್ರೋಲಿಗಿ ನಂಗ ವಾಂತಿ ಬರಂಗಿಲ್ಲ! "ರೀ, ಹಾಕಬ್ಯಾಡ್ರಿ, ಅದರಾಗ ಚಿಮಣಿ ಎಣ್ಣಿ ಅದ" ಅಂತ ಒದರಿದೆ. ಅಣ್ಣಗ ಸಿಟ್ಟು ನೆತ್ತಿಗೇರ್ತು. "ಏ ಗುರುಬಾಯಿ, ಹಗಲೂ ರಾತ್ರಿ ತಿರಗಿ ತಂದೀನಿ, ಖೊಟ್ಟಿ ತಂದೀನಿ ಅಂತೀಯೇನು? ಅಪ್ಪ ಅಲ್ಲಿ ಸಾಯಾಕತ್ತಾನ!" ನಮ್ಮ ಚಿಗವ್ವ, "ಬಸುರಿಗಿ ಎಲ್ಲಾದ್ರಾಗೂ ವಾಸನಿ, ಒಳಗ ಕರಕೊಂಡು ಹೋಗ್ರಿ ಇಕಿನ್ನ" ಅಂದ್ಳು. ಮುತ್ಯಾನೂ ಗಡಬಡಿಯಾಗ, "ಸೋಸಿ ಹಾಕ್ತೀನಿ, ನೀ ಸುಮ್ಕಿರು" ಅಂದ್ರು. ದಾರ್‍ಯಾಗ ಮೋಟಾರ ನಿಂತ್ರ ಅಪ್ಪನ ಗತಿ ಏನು? ಅಲ್ಲಿ ನೆರಳಿಲ್ಲ, ನೀರಿಲ್ಲ, ಮುತ್ಯಾ ಮತ್ತ ತುಟಿ ಬಾಯೋತನಕ ಊದ್ಕೊಂತ ಕುಂದ್ರೋದು, ಅಪ್ಪ ಅಲ್ಲೇ… ಬ್ಯಾಡ, ಆ ಮಾತು ಬ್ಯಾಡ. ನಾ ಹೊಟ್ಟಿ ಹಿಡಕೊಂಡು ಮೋಟಾರಿನ ಮುಂದ ಹೋಗಿ ನಿಂತೆ. "ಇವತ್ತ ನನ್ನ ಕುಬಸ ಹೌದಿಲ್ಲೋ? ಏನು ಬಯಕಿ, ಏನು ಬಯಕಿ ಅಂತ ಮುಂಜಾನಿಂದ ಕೇಳಾಕತ್ತೀರಿ ಹೌದಿಲ್ಲೋ? ಇದೇ ನನ್ನ ಬಯಕಿ. ಆ ಡಬ್ಬಿ ಟಾಕಿಗಿ ಹಾಕಬಾರದು!" ಅಳಾಕತ್ತಿದ್ದ ನಮ್ಮವ್ವ ಕಣ್ಣು ಒರಸ್ಕೊಂಡು, "ಬಸುರಿ ಬಯಕಿ ನಮ್ಮ ಮನ್ಯಾಗ ಮುರಿಯಂಗಿಲ್ಲ, ಡಬ್ಬಿ ಕೆಳಗಿಡೋ ಶರಣ್ಯಾ" ಅಂದ್ಳು.

ಮುತ್ಯಾ ಆಗ ತಮ್ಮ ಬಿಳಿ ಧೋತರದ ಚುಂಗಿಗಿ ನಾಕು ಹನಿ ಹಾಕಿ ಬಿಸಿಲಿಗಿ ಹಿಡದ್ರು. ಅಸಲಿ ಪೆಟ್ರೋಲ್ ಇದ್ರ ಹಾರಿ ಹೋಗ್ತದ, ಗುರುತೂ ಉಳಿಯಂಗಿಲ್ಲ. ಇದು ಎಣ್ಣಿ ಕಲಿ ಹಂಗೇ ಉಳೀತು. ಒಂದು ಗಾಜಿನ ಸೀಸೆಯೊಳಗ ಹಾಕಿ ನೋಡಿದ್ರ ತಳಕ್ಕ ನೀರು ಬ್ಯಾರೆ. ಅಣ್ಣನ ಮುಖ ಸಣ್ಣದಾತು, ನಂಗ ಪಾಪ ಅನಸ್ತು, ಅವಂಗೂ ಮೋಸ ಮಾಡ್ಯಾರ. ಈಗ ಪೆಟ್ರೋಲ್ ಎಲ್ಲಿಂದ ತರೋದು? ಊರ ಹೊರಗ ಸರ್ಕಾರಿ ಬಂಗಲೆಯಾಗ ಯಾರೋ ಒಬ್ರು ಸಾಹೇಬ್ರು ಬಿಡಾರ ಮಾಡಿದ್ರು, ಅವರದು ಮೋಟಾರ ಇತ್ತು. ಅಣ್ಣ ಅಂದ, "ಗಂಡಸರು ಹೋಗಿ ಕೇಳಿದ್ರ ಚಪರಾಸಿನೇ ಹೊಡದು ಓಡಸ್ತಾನ." ನಾ ಅಂದೆ, "ಹೆಂಗಸರು ಹೋಗ್ತೀವಿ." ಹಸರು ಸೀರಿ ಹಂಗೇ ಇತ್ತು, ಉಡಿ ತುಂಬಿದ ಕೆಂಪು ಬಾಳಿಹಣ್ಣು ಹಂಗೇ ಇದ್ವು, ಮುತ್ತೈದೇರನ್ನ ಹಿಂದ ಹಾಕ್ಕೊಂಡು ಸೀದಾ ಬಂಗಲೆಗಿ ನಡದೆ. ಸಾಹೇಬ್ರು ಇದ್ದಿಲ್ಲ, ಅವರ ಬೇಗಂ ಇದ್ರು, ಒಳಗ ಕರದ್ರು. ನನ್ನ ಹೊಟ್ಟಿ ನೋಡಿ, "ಆವ್ ಬೇಟಿ, ಬೈಠೊ. ಕ್ಯಾ ಹೋನಾ ತುಮ್ಕು?" ಅಂದ್ರು. ಬಾ ಮಗಳ, ಕೂಡು, ಏನು ಬೇಕು ನಿನಗ ಅಂತ. ಹಣ್ಣು ಅವರ ಮುಂದಿಟ್ಟು, "ಪೆಟ್ರೋಲ್ ಹೋನಾ ಅಮ್ಮಾ" ಅಂದೆ. ಅವರು ಬಿದ್ದು ಬಿದ್ದು ನಕ್ರು! ಹುಣಸಿಹಣ್ಣು ಕೇಳಿದವ್ರನ್ನ ನೋಡ್ಯಾರ, ಮಾವಿನಕಾಯಿ ಕೇಳಿದವ್ರನ್ನ ನೋಡ್ಯಾರ, ಪೆಟ್ರೋಲ್ ಕೇಳಿದ ಬಸುರಿ ನಾನೇ ಮೊದಲ್ನೇಕಿ. ಆಮ್ಯಾಲ ಅಪ್ಪನ ಸುದ್ದಿ ಹೇಳ್ದೆ, ನಗು ನಿಂತು ಹೋತು. ಅವರ ಡ್ರೈವರ್ "ಸಾಹೇಬ್ ಗುಸ್ಸಾ ಕರೇಂಗೆ", ಸಾಹೇಬ್ರು ಸಿಟ್ಟಾಗ್ತಾರ ಅಂತ ಹಿಂದ ಮುಂದ ನೋಡಿದ್ರ, ಬೇಗಂ "ಪೇಟ್‌ವಾಲಿ ಮಾಂಗೇ ತೋ ನೈ ಬೋಲ್ನಾ ನೈ" ಅಂದ್ರು. ಬಸುರಿ ಕೇಳಿದ್ರ ಇಲ್ಲ ಅನಬಾರದು ಅಂತ. ಅವರ ಮನ್ಯಾಗೂ ಅದೇ ಪದ್ಧತಿ ನೋಡ್ರಿ! ಡಬ್ಬಿ ತಂದಿಟ್ರು. ನಾ ಅಲ್ಲೇ ಮುಚ್ಚಳ ತಗಿಸಿ ಮೂಸಿ ನೋಡ್ದೆ, ಕೊಟ್ಟವ್ರ ಎದುರಿಗೇ, ಮರ್ಯಾದಿ ಇಲ್ಲದಾಕಿ! ಹಾ, ಅಸಲಿ. ಹೊಟ್ಟಿಯೊಳಗಿನ ಕೂಸು ಒದೀತು.

ಅದನ್ನೂ ಮುತ್ಯಾ ತೊಗಲಿಲೆ ಸೋಸಿನೇ ಹಾಕಿದ್ರು. ಸಾಹೇಬ್ರ ಪೆಟ್ರೋಲ್ ಆದ್ರ ಏನು, ಜಂಗಿಗಿ ಸಾಹೇಬ್ರ ಗುರುತು ಇರ್ತದೇನು? ನಾನೂ ಬರ್ತೀನಿ ಅಂತ ಹತ್ತಿ ಕುಂತೆ. ಚಿಗವ್ವ ಬಾಯಿ ತಗಿಯೋದ್ರಾಗ, "ಇದು ಎರಡ್ನೇ ಬಯಕಿ" ಅಂದೆ. ಅಪ್ಪನ ತಲಿ ನನ್ನ ತೊಡಿ ಮ್ಯಾಲ. ದಾರ್‍ಯಾಗ ಒಂದು ಏರಿನಾಗ ಮೋಟಾರ ಒಮ್ಮೆ ಕೆಮ್ಮಿತು ನೋಡ್ರಿ, ನನ್ನ ಜೀವ ಬಾಯಿಗಿ ಬಂತು. ಮುತ್ಯಾ ಹಿಂದ ತಿರಗಿ ನೋಡಲಾರದೇ, "ಏನೂ ಆಗಂಗಿಲ್ಲ, ನಿನ್ನ ಮೂಗು ಪಾಸ್ ಮಾಡಿದ್ದದ" ಅಂದ್ರು. ಅವ್ರು ಹೊಗಳಿದ್ದು ಜನ್ಮದಾಗ ಅದೊಂದೇ ಸಲ. ಸಂಜಿ ದೀಪ ಹಚ್ಚೋದ್ರಾಗ ದವಾಖಾನಿ ಮುಟ್ಟಿದ್ವಿ. ಡಾಕ್ಟರ್ ರಬ್ಬರಿನ ನಳಗಿ ಹಾಕಿ ಮೂತ್ರ ತಗದ್ರು, ತಗದು ಬಂದು, "ಇನ್ನೊಂದು ರಾತ್ರಿ ತಡದಿದ್ರ ನಾನೂ ಏನೂ ಮಾಡಾಕ ಬರ್ತಿದ್ದಿಲ್ಲ" ಅಂದ್ರು.

ನಾ ಒಳಗ ಹೋದೆ. ಅಪ್ಪ ಅಳಾಕತ್ತಿದ್ದ. ನಮ್ಮ ಅಪ್ಪ ಅತ್ತದ್ದು ನಾ ಅದಕ್ಕ ಮೊದಲ ನೋಡಿದ್ದಿಲ್ಲ. "ನಿನ್ನ ಕುಬಸ ಕೆಡಸಬಾರದು ಅಂತ ಸುಮ್ನ ಇದ್ದೆವ್ವಾ" ಅಂದ. ನಂಗ ಅಳು ಬರಬೇಕಿತ್ತು, ಸಿಟ್ಟು ಬಂತು. "ನೀ ಸತ್ತಿದ್ರ ನನ್ನ ಕುಬಸ ಛಲೋ ಆಗ್ತಿತ್ತೇನು?" ಅಂತ ದವಾಖಾನಿ ತುಂಬ ಕೇಳೋಹಂಗ ಬೈದೆ. ಬೈಕೊಂತನೇ ಅವನ ಕಾಲು ಹಿಡಕೊಂಡು ಅತ್ತೆ. ಅದಕ್ಕ ಹೇಳ್ತೀನಿ, ಎಲ್ಲೆರ ನೋವಾದ್ರ ಒದರಿ ಹೇಳ್ರಿ, ಯಾವ ಜಾಗಾ ಇದ್ರೂ ಹೇಳ್ರಿ. ನಾಚ್ಕೊಂಡು ಗ್ವಾಡಿ ಕಡಿ ಮುಖ ಮಾಡಿ ಮಲಗಿದ್ರ, ಮೋಟಾರ ತಗೊಂಡು ಯಾರು ಬರ್ತಾರ?